ಯಾರ್ಕ್‌ಶೈರಿನ ಕಡಲಸಿಂಹಕ್ಕೆ ಗ್ಯಾಸ್ಟ್ರಿಕ್

ಎಜ್‌ಬಾಸ್ಟನ್

ನಮ್ಮ ಕಡೆ ಗ್ಯಾಸ್ಟ್ರಿಕ್ ಇಲ್ಲದ ಮನುಷ್ಯ ಸಿಗುವುದು ಕಷ್ಟ. ತಲೆನೋವು ಬಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಮದುವೆಮನೆಯಲ್ಲಿ ನಾಲ್ಕು ಹೋಳಿಗೆ ಹೆಚ್ಚಿಗೆ ತಿಂದು ಮಲಗಿದವರಿಗೂ ಗ್ಯಾಸ್ಟ್ರಿಕ್. ಈ ಕಾಯಿಲೆಯೇನಿದ್ದರೂ ನೆಲದ ಮೇಲೆ ಓಡಾಡುವವರಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ನೀರಿನಲ್ಲಿ ಈಜಾಡುವವರಿಗೂ ಬರುತ್ತದೆ ಎಂದು ಗೊತ್ತಾಗಲು ಇಂಗ್ಲೆಂಡಿನವರೆಗೆ ಹೋಗಬೇಕಾಯಿತು.

ಹೊಸ ಶತಮಾನ ಹುಟ್ಟಿ ಆಗ ಆರೇಳು ವರ್ಷ. ನಾನು ಉಡುಪಿಯ ಹತ್ತಿರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವಳು. ಹುಟ್ಟಿ ಬೆಳೆದದ್ದು ಮೀನು ಮಾರ್ಕೆಟ್ಟಿನ ಕೂಗಳತೆಯಲ್ಲಿ. ಮೂರು ತಿಂಗಳ ತರಬೇತಿಗೆಂದು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿದ್ದ ಪ್ರಯೋಗಾಲಯಕ್ಕೆ ಹೋಗಿದ್ದೆ. ಹೊಟ್ಟೆಯೊಳಗಿನ ಆಮ್ಲದಲ್ಲೂ ಸಾಯದೆ ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಡಗಿಯ ಬೈರಿಗೆಯ ಹಾಗೆ ತಿರುಚಿಕೊಂಡಿರುತ್ತದೆ. ಹೊಟ್ಟೆಯ ಗೋಡೆಯನ್ನು ಕೊರೆದು ಕೂತು ಹುಣ್ಣು ಮಾಡುತ್ತದೆ. ಅದನ್ನು ಬೆಳೆಸುವುದು, ಗುರುತಿಸುವುದು ಹೇಗೆಂದು ಕಲಿಯುವುದು ನನ್ನ ಕೆಲಸ.

ಕಲಿಯುವ ಮೊದಲು ಕೆಟಲ್ ಸುಟ್ಟೆ. ಆ ಪ್ರಯೋಗಾಲಯದಲ್ಲಿ ಟೀ ಮಾಡುವುದಕ್ಕೂ ರೋಟಾ ಎಂಬ ಸರದಿಪಟ್ಟಿ ಇತ್ತು. ನನ್ನ ಸರದಿ ಬಂದ ದಿನ ಇವರಿಗೆಲ್ಲ ನಮ್ಮೂರ ಚಹಾದ ರುಚಿ ತೋರಿಸುವ ಉಮೇದು ಹತ್ತಿ, ಹಾಲು, ನೀರು, ಶುಂಠಿ, ಸಕ್ಕರೆ ಎಲ್ಲವನ್ನೂ ಆ ವಿದ್ಯುತ್ ಕೆಟಲ್ಲಿಗೇ ಸುರಿದು ಗುಂಡಿ ಒತ್ತಿದೆ. ಹಾಲು ಉಕ್ಕಿ ಮೇಜಿನ ತುಂಬ ಹರಿದು, ತಳ ಹತ್ತಿ, ಕೊನೆಗೆ ಹೊಗೆಯ ಗಂಟೆ ಬಡಿದುಕೊಂಡಿತು. ಇಡೀ ಕಟ್ಟಡದವರು ಕೋಟು ಹಾಕಿಕೊಂಡು ಅಂಗಳದಲ್ಲಿ ಸಾಲಾಗಿ ನಿಂತರು. ಬೈಯುವುದು ಹಾಗಿರಲಿ, ಒಬ್ಬೊಬ್ಬರಾಗಿ ಬಂದು ಅವರೇ ನನಗೆ ಸಾರಿ ಹೇಳಿದರು. ನಮ್ಮಲ್ಲಾದರೆ ಒಂದು ಮಾತು ಬೈದು ಅಲ್ಲಿಗೆ ಮುಗಿಸುತ್ತಿದ್ದರು. ಅವರ ಆ ಸಾರಿ ಒಂದು ವಾರ ನನ್ನನ್ನು ಚುಚ್ಚಿತು.

ಆ ವಾರವೇ ಮ್ಯಾಂಚೆಸ್ಟರಿನಿಂದ ನನ್ನ ಮೈದುನ ವಾಸುವಿನ ಫೋನು ಬಂತು. ಅವನು ಅಲ್ಲಿ ಹೊಟ್ಟೆಯ ಡಾಕ್ಟರು.

"ಅತ್ತಿಗೆ, ನಿಮಗೆ ಒಬ್ಬಳು ಪೇಶೆಂಟ್ ಉಂಟು."

"ಎಂತ ಆಗಿದೆ?"

"ಊಟ ಸೇರುದಿಲ್ಲ. ತಿಂದದ್ದನ್ನು ಕಕ್ತಾಳೆ. ಹೊಟ್ಟೆ ಅಡಿ ಮಾಡಿ ಮಲಗಿದ್ರೆ ಏಳುದೇ ಇಲ್ಲ. ವಯಸ್ಸು ಇಪ್ಪತ್ತರ ಮೇಲೆ."

"ಇಪ್ಪತ್ತು ಎಂತ ವಯಸ್ಸು ಮಾರಾಯಾ? ಒಂದು ಮದುವೆ ಮಾಡಿ, ಎಲ್ಲ ಸರಿಯಾಗ್ತದೆ."

"ಮೀಸೆ ಉಂಟು ಅತ್ತಿಗೆ. ತೂಕ ಎಂಬತ್ತು ಕಿಲೋ. ಕಡಲಸಿಂಹ."

ವಿದನ್‌ಶಾ

ವಾಸುವಿನ ಮನೆ ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ. ಒಂದು ಕಡೆ ಅವನ ಆಸ್ಪತ್ರೆ, ಇನ್ನೊಂದು ಕಡೆ ವಿಮಾನ ನಿಲ್ದಾಣ. ಮಾತಿನ ನಡುವೆ ತಲೆಯ ಮೇಲೆ ವಿಮಾನ ಹಾದರೆ ಎಲ್ಲರೂ ಅರ್ಧಕ್ಕೇ ನಿಲ್ಲಿಸಿ, ಅದು ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ವಾಸುವಿನ ಹೆಂಡತಿ ಶೈಲಾ ಮೈಸೂರಿನವಳು, ಶುದ್ಧ ಸಸ್ಯಾಹಾರಿ. ಮದುವೆಯಾದಾಗಿನಿಂದ ಗಂಡನ ಮೀನಿನ ಆಸೆಗೆ ಅವಳು ಗ್ಯಾರೇಜಿನಲ್ಲಿ ಪ್ರತ್ಯೇಕ ಒಲೆ ಇಟ್ಟುಕೊಟ್ಟಿದ್ದಳು.

ಆ ಮನೆಯ ಬಚ್ಚಲಿಗೆ ರತ್ನಗಂಬಳಿ ಹಾಸಿತ್ತು. ಇದನ್ನು ನಾನು ಊರಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಮೀಯುವ ಜಾಗಕ್ಕೆ ಕಂಬಳಿ ಹಾಸಿದ ಜನ ಒಂದು ಕಾಲಕ್ಕೆ ಜಗತ್ತನ್ನೇ ಆಳಿದ್ದು ಹೇಗೆಂದು ನನ್ನ ತಾಯಿ ಕೇಳಿದರು. ಮೊದಲ ದಿನ ನಾನು ಚೊಂಬಿನಲ್ಲಿ ನೀರು ಹೊಯ್ದುಕೊಂಡು ಸೊಗಸಾಗಿ ಮಿಂದು ಬಂದೆ. ಆಮೇಲೆ ಶೈಲಾ ತಲೆಕೂದಲು ಒಣಗಿಸುವ ಯಂತ್ರ ಹಿಡಿದು ಆ ಕಂಬಳಿಯನ್ನು ಒಣಗಿಸುತ್ತ ಕೂತಳು.

"ಬಿಡಿ ಅಕ್ಕ, ನಮ್ಮಮ್ಮ ಬಂದಾಗ ಹಾಲ್‌ವರೆಗೂ ನೀರು ಬಂದಿತ್ತು" ಎಂದು ಸಮಾಧಾನ ಹೇಳಿದಳು.

ಕಡಲಸಿಂಹದ ಕತೆಯನ್ನು ವಾಸು ಊಟದ ಹೊತ್ತಿನಲ್ಲಿ ಬಿಡಿಸಿ ಹೇಳಿದ. ಅವಳ ಹೆಸರು ಮೇಬಲ್. ಗುಡ್ಡದ ಸಾಲು ದಾಟಿ ಯಾರ್ಕ್‌ಶೈರಿನ ಲೀಡ್ಸ್ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಮೃಗಾಲಯದಲ್ಲಿ ಇದ್ದಾಳೆ. ಅಲ್ಲಿನ ಪಶುವೈದ್ಯರಿಗೆ ಹೊಟ್ಟೆಯೊಳಗೆ ಇಳಿಸಿ ನೋಡುವ ಅಷ್ಟುದ್ದದ ಕೊಳವೆಯೂ ಇಲ್ಲ, ಅಭ್ಯಾಸವೂ ಇಲ್ಲ. ಹಾಗಾಗಿ ಮನುಷ್ಯರ ಡಾಕ್ಟರಾದ ವಾಸುವನ್ನು ಕರೆದಿದ್ದರು. ಇದೆಲ್ಲ ಆ ದೇಶದಲ್ಲಿ ತೀರ ಅಪರೂಪವಲ್ಲವಂತೆ.

ಗುಡ್ಡದಾಚೆ

ಮೃಗಾಲಯದ ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವಳು ಬ್ರೆಂಡಾ. ಮೇಬಲ್‌ಳನ್ನು ನೋಡಿಕೊಳ್ಳುವವಳು, ಐವತ್ತು ದಾಟಿದ ಗಟ್ಟಿ ಹೆಂಗಸು. ಮೊಣಕಾಲಿನವರೆಗೆ ರಬ್ಬರ್ ಬೂಟು. ಕಂಡವರನ್ನೆಲ್ಲ "ಲವ್" ಎಂದೇ ಕರೆಯುತ್ತಾಳೆ. ಮೇಬಲ್ ಮರಿಯಾಗಿದ್ದಾಗ ಮೀನು ರುಬ್ಬಿ ಬಾಟಲಿಯಲ್ಲಿ ಕುಡಿಸಿ ಸಾಕಿದವಳು ಇವಳೇ. ಸಿಬ್ಬಂದಿ ಕೋಣೆಯ ಗೋಡೆಯಲ್ಲಿ ಆ ಫೋಟೋ ಇತ್ತು. ಆಗಿನ ತೆಳ್ಳಗಿನ ಬ್ರೆಂಡಾಳ ತೊಡೆಯ ಮೇಲೆ ಒದ್ದೆ ಮರಿ.

ಮೇಬಲ್ ಕೊಳದ ಅಂಚಿನಲ್ಲಿ ಮುದುಡಿ ಮಲಗಿದ್ದಳು. ಎರಡೂ ಈಜುರೆಕ್ಕೆಗಳನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು. ಹೊಟ್ಟೆನೋವಿಗೆ ನಮ್ಮ ಜನ ಮಲಗುವುದೂ ಹಾಗೆಯೇ. ನೋಡಿದ ಕೂಡಲೇ ನನಗೆ ಅಯ್ಯೋ ಎನಿಸಿತು.

ಕಡಲಸಿಂಹಕ್ಕೆ ಅರಿವು ತಪ್ಪಿಸುವುದು ಹುಡುಗಾಟವಲ್ಲ. ಮೈಮರೆತ ಕೂಡಲೇ ಅದರ ದೇಹ ತಾನು ನೀರಿನಲ್ಲಿ ಮುಳುಗಿದ್ದೇನೆ ಎಂದುಕೊಂಡು ಉಸಿರು ಕಟ್ಟಿಬಿಡುತ್ತದೆ. ಮೇಬಲ್ ಕೂಡ ಕಟ್ಟಿದಳು. ಪಶುವೈದ್ಯರು ಕೊಳವೆ ಹಾಕಿ ಗಾಳಿ ಒತ್ತುತ್ತ ಒತ್ತುತ್ತ ಬೆವರಿದರು. ಬ್ರೆಂಡಾ ಅವಳ ಕುತ್ತಿಗೆಯ ಮೇಲೆ ಕೈಯಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಕೊನೆಗೆ ಒಂದು ದೊಡ್ಡ ಉಸಿರು ಹೊರಬಿತ್ತು. ಕೋಣೆಯ ತುಂಬ ಹಳೆಯ ಮೀನಿನ ವಾಸನೆ. ಆ ವಾಸನೆಗೆ ನಾನು ಜೀವನದಲ್ಲಿ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಹೊಟ್ಟೆಗೆ ಕೊಳವೆ ಇಳಿಸಿದಾಗ ಪರದೆಯ ಮೇಲೆ ಹುಣ್ಣುಗಳು ಕಂಡವು. ವಾಸು ಅಲ್ಲಿಂದ ಚೂರು ಮಾಂಸ ಚಿವುಟಿ ತೆಗೆದು, ಆಸ್ಪತ್ರೆಯಲ್ಲಿ ಮನುಷ್ಯರಿಗೆ ಮಾಡುವಂತೆಯೇ ಹಳದಿ ಬಣ್ಣದ ಅಂಟಿನಲ್ಲಿ ಇಟ್ಟ. ಆ ಬ್ಯಾಕ್ಟೀರಿಯಾ ಇದ್ದರೆ ಆ ಹಳದಿಯು ಗುಲಾಬಿ ಬಣ್ಣವಾಗುತ್ತದೆ. ನಾವು ಟೀ ಮುಗಿಸುವಷ್ಟರಲ್ಲಿ ಅದು ನಮ್ಮೂರ ಮದುವೆಯ ಚಪ್ಪರದ ಬಣ್ಣಕ್ಕೆ ತಿರುಗಿತ್ತು. ಉಳಿದ ಚೂರುಗಳನ್ನು ನಾನು ಎಜ್‌ಬಾಸ್ಟನ್ನಿಗೆ ಒಯ್ದೆ. ಅಲ್ಲಿಯೂ ಅದೇ ಬೈರಿಗೆಗಳು. ಹುಣ್ಣಿಗೆ ಇವೇ ಕಾರಣ ಎಂದು ಯಾರೂ ಎದೆ ತಟ್ಟಿ ಹೇಳುವಂತಿರಲಿಲ್ಲ. ಕಡಲಿನ ಪ್ರಾಣಿಗಳ ಹೊಟ್ಟೆಯ ಬಗ್ಗೆ ಆಗ ಗೊತ್ತಿದ್ದದ್ದೇ ಸ್ವಲ್ಪ. ಮದ್ದು ಕೊಟ್ಟು ನೋಡೋಣ ಎಂದಾಯಿತು.

ಪಶುವೈದ್ಯರು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು. ಈ ವಯಸ್ಸಿನಲ್ಲಿ ಮತ್ತೊಮ್ಮೆ ಅರಿವು ತಪ್ಪಿಸಿದರೆ ಇವಳು ಏಳುವುದಿಲ್ಲ. ಮಾತ್ರೆ ಹೊಟ್ಟೆಗೆ ಹೋಗಿ ಗುಣವಾದರೆ ಆಯಿತು. ಇಲ್ಲವಾದರೆ ನರಳಿಸದೆ ಮಲಗಿಸಿಬಿಡೋಣ. ಮಲಗಿಸುವುದು ಎಂದರೆ ಅಲ್ಲಿ ಸೂಜಿಮದ್ದು ಕೊಟ್ಟು ಜೀವ ತೆಗೆಯುವುದು. ಬ್ರೆಂಡಾ ತಲೆಯಾಡಿಸಿ, "ಟೀ ಯಾರಿಗೆ ಬೇಕು, ಲವ್?" ಎಂದಳು. ಬೇಡದವರೂ ಸೇರಿ ಎಲ್ಲರೂ ನಮಗೆ ಬೇಕು ಎಂದೆವು.

ಮೀನಿನ ಕೋಣೆ

ಮಾತ್ರೆಯನ್ನು ಮೀನಿನ ಕಿವಿರಿನೊಳಗೆ ತುರುಕಿ ಕೊಡುವುದು ರೂಢಿ. ಮೇಬಲ್ ಒಂದೇ ದಿನದಲ್ಲಿ ಈ ಕಳ್ಳಾಟ ಕಂಡುಹಿಡಿದಳು. ಆ ಮಾತ್ರೆಗಳಲ್ಲಿ ಒಂದು ಹಾಗಲಕಾಯಿಯ ಅಜ್ಜ, ಅಷ್ಟು ಕಹಿ. ಕೊಟ್ಟ ಮೀನನ್ನು ಬಾಯಲ್ಲಿ ಹೊರಳಿಸಿ, ಹಿಂಡಿ, ಮಾತ್ರೆಯನ್ನು ಅಂಚಿಗೆ ಉಗಿದು, ಆಮೇಲೆ ಮೀನನ್ನೂ ಬಿಟ್ಟು ಹೋಗುತ್ತಿದ್ದಳು.

ವಾರ ಕಳೆದು ಶುಕ್ರವಾರ ನಾನು ಹೋದಾಗ ಬ್ರೆಂಡಾ ಸೋತಿದ್ದಳು. ಸೋಮವಾರದವರೆಗೆ ನೋಡೋಣ ಎಂದು ಪಶುವೈದ್ಯರು ಹೇಳಿದ್ದರಂತೆ. ಕಚೇರಿಯಿಂದ ಕರೆ ಬಂತೆಂದು ಅವಳು ಅತ್ತ ಹೋದಳು. ನಾನು ಬಕೆಟ್ಟಿನೊಳಗೆ ಇಣುಕಿದೆ. ಬಂಗುಡೆ ಇತ್ತು, ಜತೆಗೆ ಹೆರಿಂಗ್ ಎಂಬ ಮೀನು, ನಮ್ಮ ಬೂತಾಯಿಯ ದೊಡ್ಡಪ್ಪನ ಮಗನಂಥದ್ದು. ಎಲ್ಲ ಫ್ರೀಜರಿನಿಂದ ಇಳಿಸಿ ಕರಗಿಸಿದ್ದು. ಕಣ್ಣು ಮಂಕು, ಮೈಯೆಲ್ಲ ಲೋಳೆ, ವಾಸನೆ ಕೇಳುವುದೇ ಬೇಡ. ಇಂಥ ಮೀನನ್ನು ನಮ್ಮ ಮಾರ್ಕೆಟ್ಟಿನಲ್ಲಿ ಬೆಕ್ಕಿಗೂ ಹಾಕುವುದಿಲ್ಲ. ಹೊಟ್ಟೆ ಕೆಟ್ಟವಳು ಇದನ್ನು ತಿನ್ನಲಿಲ್ಲ ಎಂದರೆ ಅವಳ ತಪ್ಪೇ? ಕಡಲತೀರದ ಹೆಂಗಸಿಗೆ ಮೀನಿನ ವಿಷಯ ಬೇರೆಯವರು ಹೇಳಿಕೊಡಬೇಕೇ? ಶೈಲಾಳ ಅಡುಗೆಮನೆಯಿಂದ ನನ್ನ ಎಜ್‌ಬಾಸ್ಟನ್ ಕೋಣೆಗೆಂದು ತಂದ ಅರಸಿನ, ಹುಣಸೆಹಣ್ಣು ಚೀಲದಲ್ಲಿಯೇ ಇದ್ದವು.

ಸೆರಗು ಸಿಕ್ಕಿಸಿ ಕೂತೆ. ಹೊಟ್ಟೆ ಸೀಳಿ ಕರುಳು ತೆಗೆದೆ. ಕಿವಿರು ಕಿತ್ತೆಸೆದೆ. ಉಪ್ಪು ತಿಕ್ಕಿ, ಅರಸಿನ ಹಚ್ಚಿ, ಹುಣಸೆಹುಳಿಯಲ್ಲಿ ಮೂರು ನೀರು ತೊಳೆದೆ. ಮೀನುಗಳು ಮದುಮಕ್ಕಳಂತೆ ಹೊಳೆಯತೊಡಗಿದವು. ಬ್ರೆಂಡಾ ಬಂದು ಬಾಗಿಲಲ್ಲೇ ನಿಂತಳು.

"ಲವ್," ಎಂದಳು ಮೆಲ್ಲಗೆ, "ಕಿವಿರು ಎಲ್ಲಿ?"

ಮಾತ್ರೆ ಇಡುವ ಜಾಗವನ್ನೇ ನಾನು ಕಸದ ಬುಟ್ಟಿಗೆ ಹಾಕಿದ್ದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಆದರೂ ಹೊಟ್ಟೆಯೊಳಗೆ ಮಾತ್ರೆ ಸಿಕ್ಕಿಸಿ ಒಂದನ್ನು ಕೊಟ್ಟು ನೋಡಿದೆವು. ಮೇಬಲ್ ಮೂಸಿದಳು. ನನ್ನನ್ನು ನೋಡಿದಳು. ಮತ್ತೆ ಮೂಸಿದಳು. ಆಮೇಲೆ ಆ ಮೀನನ್ನು ಬಾಲದಲ್ಲಿ ಕಚ್ಚಿ ಬೀಸಿ ಒಗೆದಳು. ಅದು ನನ್ನ ಕೆನ್ನೆಗೆ ಬಡಿಯಿತು. ಊರಲ್ಲಿ ಮೀನು ಮಾರುವ ಹೆಂಗಸರ ಬೈಗುಳ ಬೇಕಾದಷ್ಟು ತಿಂದಿದ್ದೇನೆ, ಮೀನಿನಿಂದಲೇ ಹೊಡೆಸಿಕೊಂಡದ್ದು ಅದೇ ಮೊದಲು. ಬ್ರೆಂಡಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಆ ಸಂಜೆ ಮೇಬಲ್ ಬೇರೆ ಮೀನನ್ನೂ ಮುಟ್ಟಲಿಲ್ಲ. ಮ್ಯಾಂಚೆಸ್ಟರಿಗೆ ಹಿಂದಿರುಗುವಾಗ ಇಡೀ ದಾರಿ ನನಗೆ ಅಳು ಬರುವ ಹಾಗಿತ್ತು.

ಟಿವಿಡೇಲ್

ಮರುದಿನ ಶನಿವಾರ. ಶೈಲಾ, ವಾಸು ತಿಂಗಳಿಗೊಮ್ಮೆ ಕಾರು ಹತ್ತಿ ಬರ್ಮಿಂಗ್‌ಹ್ಯಾಮಿನ ಹತ್ತಿರದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗುವ ಪದ್ಧತಿ. ನನ್ನನ್ನೂ ಕೂರಿಸಿಕೊಂಡರು. ಮೋಟಾರುದಾರಿಯ ಗದ್ದಲದ ಪಕ್ಕದಲ್ಲೇ ಗೋಪುರ. ಒಳಗೆ ಕರ್ಪೂರದ ವಾಸನೆ, ಹೊರಗೆ ಚಪ್ಪಲಿಯ ಬದಲು ಬೂಟುಗಳ ರಾಶಿ. ಕಾಲುಚೀಲದಲ್ಲಿ ಪ್ರದಕ್ಷಿಣೆ ಬಂದರೆ ಕಾಲು ಜಾರಿ ದೇವರ ಕಡೆಗೇ ಹೋಗುತ್ತದೆ.

ಶೈಲಾ ಅರ್ಚನೆಗೆ ಕೊಟ್ಟ ಹೆಸರು ಕೇಳಿ ಅರ್ಚಕರು ತಲೆಯೆತ್ತಿದರು.

"ಮೇಬಲ್? ಗೋತ್ರ?"

"ಗೊತ್ತಿಲ್ಲ. ಕಾಶ್ಯಪ ಅಂತ ಹೇಳಿ. ಗೋತ್ರ ಗೊತ್ತಿಲ್ಲದೋರಿಗೆ ಅದೇ ತಾನೇ?"

"ನಕ್ಷತ್ರ?"

ಶೈಲಾ ನನ್ನನ್ನು ನೋಡಿದಳು. ನಾನು ವಾಸುವನ್ನು ನೋಡಿದೆ. ವಾಸು ಛಾವಣಿಯನ್ನು ನೋಡಿದ. ನಾವು ನಗು ತಡೆಯಲು ಪಟ್ಟ ಕಷ್ಟ ಆ ದೇವರಿಗೇ ಗೊತ್ತು. ಅರ್ಚಕರು ಮತ್ತೇನೂ ಕೇಳದೆ, ಕಾಶ್ಯಪ ಗೋತ್ರದಲ್ಲಿ ಹುಟ್ಟಿದ ಮೇಬಲ್‌ಳ ಆಯುರಾರೋಗ್ಯಕ್ಕಾಗಿ ತುಳಸಿ ಏರಿಸಿದರು. "ಸುಳ್ಳೇನೂ ಅಲ್ಲ ಅಕ್ಕ, ಪ್ರಾಣಿಪಕ್ಷಿಗಳಿಗೆಲ್ಲ ಕಶ್ಯಪರೇ ಅಪ್ಪ ಅಂತ ಪುರಾಣದಲ್ಲೇ ಇದೆ" ಎಂದು ಶೈಲಾ ಹೊರಗೆ ಬಂದ ಮೇಲೆ ವಾದಿಸಿದಳು.

ಪ್ರಸಾದದ ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ತಾಯಿ ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಮಗು ಬಾಯಿ ಬಿಗಿದುಕೊಂಡಿತ್ತು. ತಾಯಿ ತುತ್ತು ಹಿಡಿದು ಕಿಟಕಿಯಾಚೆ ಕೂತ ಕಾಗೆಗೆ ತೋರಿಸಿ, "ಇದು ಕಾಗೆಗೆ, ಇದು ಗುಬ್ಬಿಗೆ..." ಎಂದು ಕೈಯನ್ನು ಹೊರಗೆ ಚಾಚಿದ್ದೇ ತಡ, ಮಗು ಲಬಕ್ಕನೆ ಬಾಯಿ ಹಾಕಿತು. ನಾವೆಲ್ಲ ಉಂಡು ಬೆಳೆದದ್ದು ಹಾಗೆಯೇ ಅಲ್ಲವೇ! ಹಸಿವಿಗಲ್ಲ, ಕಾಗೆಯ ಪಾಲಾದೀತೆಂಬ ಹೊಟ್ಟೆಕಿಚ್ಚಿಗೆ. ನಾನು ವಾಸುವಿನ ತೋಳು ಹಿಡಿದು ಎಳೆದೆ.

"ನಾಳೆ ನನ್ನನ್ನು ಮೃಗಾಲಯಕ್ಕೆ ಬಿಡ್ತೀಯಾ?"

"ಎಂತಕ್ಕೆ ಅತ್ತಿಗೆ? ಇನ್ನೊಂದು ಕೆನ್ನೆ ಬಾಕಿ ಉಂಟಾ?"

ಭಾನುವಾರ, ಮತ್ತೆ ಗುಡ್ಡದಾಚೆ

ಕೊಳದ ಗೋಡೆಯ ಮೇಲೆ ಊಟದ ಹೊತ್ತಿಗೆ ಸರಿಯಾಗಿ ಸೀಗಲ್ ಹಕ್ಕಿಗಳು ಬಂದು ಕೂರುತ್ತಿದ್ದವು. ನಮ್ಮ ಕಡೆ ಅವಕ್ಕೆ ಕಡಲಕಾಗೆ ಎಂದೇ ಹೆಸರು. ಬ್ರೆಂಡಾ ಅವನ್ನು ಕಂಡರೆ ಪೊರಕೆ ಎತ್ತುವವಳು. ಇವತ್ತೊಂದು ದಿನ ಓಡಿಸಬೇಡ ಎಂದು ಬೇಡಿಕೊಂಡೆ. ಈ ಸಲ ಮೀನು ತೊಳೆಯಲಿಲ್ಲ. ಲೋಳೆಯ ಸಮೇತ, ಕಿವಿರಿನ ಸಮೇತ ಬಕೆಟ್ ಹಿಡಿದು ಮೇಬಲ್‌ಳ ಎದುರು ನಿಂತೆ. ಅವಳು ಮುಖ ತಿರುಗಿಸಿದಳು.

"ಇದು ಕಾಗೆಗೆ" ಎಂದು ಒಂದು ಹೆರಿಂಗನ್ನು ಗೋಡೆಯತ್ತ ಎಸೆದೆ. ಹಕ್ಕಿಗಳು ಕಿತ್ತಾಡಿ ನುಂಗಿದವು. ಮೇಬಲ್‌ಳ ಮೀಸೆ ಅಲುಗಿತು.

"ಇದು ಗುಬ್ಬಿಗೆ." ಇನ್ನೊಂದು ಹೋಯಿತು. ಈಗ ಪೂರ್ತಿ ತಿರುಗಿ ಕೂತಳು. ಇಪ್ಪತ್ತು ವರ್ಷ ಈ ಬಕೆಟ್ ಅವಳೊಬ್ಬಳದೇ ಆಗಿತ್ತು.

ಮೂರನೆಯದರಲ್ಲಿ ಮಾತ್ರೆ ಇತ್ತು. "ಇದೂ ಕಾಗೆಗೇ" ಎಂದು ಕೈ ಎತ್ತಿದೆನಷ್ಟೆ. ಎಂಬತ್ತು ಕಿಲೋದ ಮುದುಕಿ ಬುಸ್ಸೆಂದು ಮೇಲೆದ್ದು ಮೀನನ್ನು ನನ್ನ ಕೈಯಿಂದಲೇ ಕಿತ್ತು ಒಂದೇ ಗುಟುಕಿಗೆ ನುಂಗಿದಳು. ಕಿತ್ತುಕೊಂಡ ಮೀನಿನಲ್ಲಿ ಮಾತ್ರೆ ಹುಡುಕುವಷ್ಟು ಪುರುಸೊತ್ತು ಯಾರಿಗಿರುತ್ತದೆ? ನಾನು ಹಿಂದಕ್ಕೆ ಬಿದ್ದೆ. ಬ್ರೆಂಡಾ ನನ್ನನ್ನು ಎತ್ತಲಿಲ್ಲ. ಮೇಬಲ್‌ಳ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಏನೂ ಹೊರಗೆ ಬರಲಿಲ್ಲ.

"ಇನ್ನೊಮ್ಮೆ ಹೇಳು" ಎಂದಳು. ಹೇಳಿದೆ. ಮೇಬಲ್ ಇನ್ನೊಂದು ಕಿತ್ತುಕೊಂಡಳು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಸೋಮವಾರ ಬಂದ ಪಶುವೈದ್ಯರು ಬರಿಗೈಯಲ್ಲಿ ಹೋದರು. ಮುಂದಿನ ಎರಡು ವಾರ ಬ್ರೆಂಡಾ ದಿನಕ್ಕೆರಡು ಸಲ ಕಡಲಕಾಗೆಗಳಿಗೆ ಉಣಿಸಿದಳು. ಅವು ದಪ್ಪಗಾದವು ಎಂದು ಫೋನಿನಲ್ಲಿ ಬೈದುಕೊಂಡಳು.

ರೈಲಿನಲ್ಲಿ

ಮಾತ್ರೆ ಮುಗಿದ ಮೇಲೆ ಒಂದು ತಿಂಗಳು ಕಾದು ಪರೀಕ್ಷೆ ಮಾಡಬೇಕು. ಮೊದಲೇ ಮಾಡಿದರೆ ಅಡಗಿ ಕೂತ ಬ್ಯಾಕ್ಟೀರಿಯಾ ಕಾಣದೆ ಹೋಗಬಹುದು. ಮೇಬಲ್ ತಿನ್ನುತ್ತಿದ್ದಳು, ಈಜುತ್ತಿದ್ದಳು. ಆದರೆ ಆ ಬ್ಯಾಕ್ಟೀರಿಯಾ ಉಳಿದಿದ್ದರೆ ಹುಣ್ಣು ಮರಳುತ್ತದೆ, ಮತ್ತೆ ಅದೇ ಸೂಜಿಯ ಮಾತು. ಕೊಳವೆ ಇಳಿಸುವಂತಿಲ್ಲವಾದ್ದರಿಂದ ಉಳಿದದ್ದು ಸಗಣಿಯ ಪರೀಕ್ಷೆ. ಬ್ರೆಂಡಾ ಅದನ್ನು ಪ್ರಸಾದದಷ್ಟು ಜೋಪಾನವಾಗಿ ತುಂಬಿ, ಮೂರು ಪದರ ಮುಚ್ಚಿ, ಐಸಿಟ್ಟು ಕೊಟ್ಟಳು. ಮ್ಯಾಂಚೆಸ್ಟರಿನಲ್ಲಿ ಬರ್ಮಿಂಗ್‌ಹ್ಯಾಮಿನ ರೈಲು ಹತ್ತಿದೆ.

ಇಂಗ್ಲಿಷರ ರೈಲಿನಲ್ಲಿ ಎದುರು ಕೂತವರ ಜತೆ ಮಾತಾಡುವ ಪದ್ಧತಿಯಿಲ್ಲ. ಅವರ ನಾಯಿಯ ಜತೆ ಮಾತ್ರ ಎಷ್ಟು ಬೇಕಾದರೂ ಆಡಬಹುದು. ನನ್ನೆದುರಿನ ಅಜ್ಜನ ಕಂದು ನಾಯಿ ಬಂದದ್ದೇ ನನ್ನ ಚೀಲಕ್ಕೆ ಮೂಗೊತ್ತಿ ಕೂತಿತು. ಎಳೆದರೂ ಬರಲಿಲ್ಲ. ಮೂರು ಪದರ ಮನುಷ್ಯರ ಮೂಗಿಗೆ, ನಾಯಿಗಲ್ಲ.

"ನಿಮ್ಮ ಊಟ ಇವನಿಗೆ ಬಹಳ ಹಿಡಿಸಿದೆ" ಎಂದರು ಅಜ್ಜ.

"ಊಟ ಅಲ್ಲ" ಎಂದೆ.

"ಮತ್ತೇನು?"

ಸುಳ್ಳು ಹೊಳೆಯಲಿಲ್ಲ. "ಕಡಲಸಿಂಹದ ಸಗಣಿ" ಎಂದೆ.

ಬೋಗಿಯ ತುಂಬ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ಆಮೇಲೆ ಅಜ್ಜ, "ಅವಳಿಗೆ ಹುಷಾರಿಲ್ಲವೇ?" ಎಂದು ಕೇಳಿದರು. ಕತೆ ಹೇಳಿದೆ. ಮುಗಿಯುವಷ್ಟರಲ್ಲಿ ಅತ್ತಿತ್ತಲಿನ ಆಸನದವರೆಲ್ಲ ನಮ್ಮ ಕಡೆ ವಾಲಿದ್ದರು. ಅಜ್ಜ ತಮ್ಮ ಹುಣ್ಣಿನ ಕತೆ ತೆಗೆದರು. ಹಿಂದಿನ ಹೆಂಗಸು ಎದೆಯುರಿಗೆ ಯಾವ ಬಿಸ್ಕತ್ತು ಒಳ್ಳೆಯದೆಂದಳು. ಒಬ್ಬ ಸೂಟುಧಾರಿ ತನ್ನ ಅತ್ತೆಯ ಗ್ಯಾಸಿನ ವಿಷಯ ಎತ್ತಿದ. ಥೇಟ್ ನಮ್ಮ ಕುಂದಾಪುರದ ಬಸ್ಸು! ಮೂರು ತಿಂಗಳಲ್ಲಿ ನನಗೆ ಪರದೇಶ ಅನಿಸದೆ ಇದ್ದದ್ದು ಆ ಒಂದು ಪ್ರಯಾಣದಲ್ಲಿ. ಇಳಿಯುವಾಗ ಅಜ್ಜ ಹ್ಯಾಟು ತೆಗೆದು, "ಮೇಬಲ್‌ಗೆ ಒಳ್ಳೆಯದಾಗಲಿ" ಎಂದು ಹೇಳಿದರು.

ಹೊರಡುವ ಹಿಂದಿನ ದಿನ

ಪರೀಕ್ಷೆಯನ್ನು ನಾನೇ ಮಾಡಿದೆ. ನಂಬಿಕೆ ಬಾರದೆ ಇನ್ನೊಮ್ಮೆ ಮಾಡಿದೆ. ಪಕ್ಕದ ಮೇಜಿನವರು ಮೂರನೆಯ ಸಲ ಮಾಡಿಕೊಟ್ಟರು. ಆ ಬ್ಯಾಕ್ಟೀರಿಯಾದ ಸುಳಿವು ಎಲ್ಲಿಯೂ ಇರಲಿಲ್ಲ. ನಾನು ಕುರ್ಚಿಯಿಂದೆದ್ದು ಕುಣಿದೆ ಎಂದು ಅವರು ಆಮೇಲೆ ಹೇಳಿದರು. ನನಗೆ ನೆನಪಿಲ್ಲ.

ಪ್ರಯೋಗಾಲಯದ ಫೋನಿನಿಂದ ಬ್ರೆಂಡಾಳ ಮೊಬೈಲಿಗೆ ಮಾಡಿದೆ. ಅವಳು ಕೊಳದ ಹತ್ತಿರ ಇದ್ದಳು, ಗಾಳಿಯ ಸದ್ದು ಕೇಳುತ್ತಿತ್ತು.

"ಏನೂ ಇಲ್ಲ ಬ್ರೆಂಡಾ. ಪೂರ್ತಿ ಹೋಗಿದೆ. ಇನ್ನು ಸೂಜಿಯ ಮಾತಿಲ್ಲ" ಎಂದೆ.

ಹಲೋ ಹಲೋ ಎಂದೆ. ಲೈನು ಕಟ್ಟಾಯಿತೆಂದುಕೊಂಡೆ.

"ಇದ್ದೀನಿ, ಲವ್" ಎಂದಳು ಕೊನೆಗೆ. "ಒಂದು ನಿಮಿಷ ತಾಳು. ಅವಳ ಊಟದ ಹೊತ್ತು."

ಫೋನನ್ನು ಎಲ್ಲೋ ಕಲ್ಲಿನ ಮೇಲೆ ಇಟ್ಟ ಸದ್ದಾಯಿತು. ಬಕೆಟ್ಟಿನ ಹಿಡಿ ಕಿರುಗುಟ್ಟಿತು. ಮೀನು ಬಿದ್ದ ಸದ್ದು, ನೀರು ಚಿಮ್ಮಿದ ಸದ್ದು, ಮೇಬಲ್‌ಳ ಒರಟು ಬೊಗಳಿಕೆ. ಅದರ ನಡುವೆ ಬ್ರೆಂಡಾ ಗಟ್ಟಿಯಾಗಿ ಅಳುತ್ತಿದ್ದಳು. ಅಳುತ್ತಲೇ, ನಿಧಾನ ತಿನ್ನು, ಗಂಟಲಿಗೆ ಸಿಕ್ಕೀತು, ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ಅವಳನ್ನು ಗದರುತ್ತಿದ್ದಳು. ಬಕೆಟ್ ಖಾಲಿಯಾಗುವವರೆಗೆ ನಾನು ಫೋನು ಇಡಲಿಲ್ಲ.